ಬ್ಯಾಂಕ್ ಒಪ್ಪಿದ ಸಾಲಿಸಿಟರ್‌ಗಳಲ್ಲಿ ನಾವು ಯಾರನ್ನು ಹಿಡಿಯಬೇಕು? ಇಂಗ್ಲೆಂಡಿನ ಮೂರು ಬಗೆಯ ಕಚೇರಿಗಳ ಹೋಲಿಕೆ

ಇಂಗ್ಲೆಂಡಿನಲ್ಲಿ ಸಾಲ ಮಾಡಿ ಮನೆ ಕೊಳ್ಳುವವರು ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ನಾವು ಹಣ ಕೊಟ್ಟು ನೇಮಿಸಿಕೊಂಡ ಸಾಲಿಸಿಟರೇ ಸಾಮಾನ್ಯವಾಗಿ ಬ್ಯಾಂಕಿಗೂ ವಕೀಲರಾಗಿರುತ್ತಾರೆ. ಬೆಂಗಳೂರಿನಲ್ಲಾದರೆ ಬ್ಯಾಂಕಿನ ಪ್ಯಾನೆಲ್ ವಕೀಲರು ದಾಖಲೆ ನೋಡಿ ಬ್ಯಾಂಕಿಗೆ ಲೀಗಲ್ ಒಪಿನಿಯನ್ ಕೊಡುತ್ತಾರೆ, ಎಚ್ಚರವಿರುವವರು ಅದೇ ಮೂಲಪತ್ರ, ಇ.ಸಿ.ಗಳನ್ನು ತಮ್ಮ ವಕೀಲರಿಗೂ ಬೇರೆಯಾಗಿ ತೋರಿಸುತ್ತಾರೆ. ಇಲ್ಲಿ ಆ ಎರಡು ಕೆಲಸವನ್ನೂ ಒಬ್ಬರೇ ಮಾಡುತ್ತಾರೆ. ಆದ್ದರಿಂದ ಅವರ ಕಚೇರಿ ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್‌ನಲ್ಲಿ, ಅಂದರೆ ಬ್ಯಾಂಕ್ ಒಪ್ಪಿದ ಕಚೇರಿಗಳ ಪಟ್ಟಿಯಲ್ಲಿ, ಇರಬೇಕು. ಇಲ್ಲದಿದ್ದರೆ ಬ್ಯಾಂಕ್ ತನಗಾಗಿ ಬೇರೆ ಸಾಲಿಸಿಟರನ್ನು ನೇಮಿಸಬಹುದು. ಆಗ ಎರಡು ಕಡೆಯ ಶುಲ್ಕವೂ ಕೊಳ್ಳುವವರ ತಲೆಗೇ ಬರುತ್ತದೆ, ಎರಡು ಕಚೇರಿಗಳ ನಡುವೆ ಪತ್ರ ಓಡಾಡುವುದರಲ್ಲಿ ಕೆಲಸವೂ ತಡವಾಗುತ್ತದೆ.

ರೆಡಿಂಗ್‌ನಲ್ಲಿ ಫ್ಲ್ಯಾಟ್ ಕೊಂಡಾಗ, ಆಮೇಲೆ ಅದನ್ನು ಮಾರಿ ಅದೇ ಊರಿನಲ್ಲಿ ಮನೆ ಕೊಂಡಾಗ, ಕೊನೆಗೆ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದಾಗ ನಾನು ಮೂರು ಬಗೆಯ ಕಚೇರಿಗಳ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಒಂದು, ಎಸ್ಟೇಟ್ ಏಜೆಂಟ್ ಸೂಚಿಸಿದ ದೊಡ್ಡ ಆನ್‌ಲೈನ್ ಕಂಪನಿ. ಇನ್ನೊಂದು, ಊರಿನ ಪೇಟೆ ಬೀದಿಯ ಚಿಕ್ಕ ಸಾಲಿಸಿಟರ್ ಕಚೇರಿ. ಮತ್ತೊಂದು, ಬ್ಯಾಂಕೇ ಉಚಿತವಾಗಿ ಗೊತ್ತು ಮಾಡಿಕೊಟ್ಟದ್ದು. ಮೂರೂ ಪ್ಯಾನೆಲ್‌ನಲ್ಲಿದ್ದವೇ. ಪ್ಯಾನೆಲ್‌ನಲ್ಲಿರುವುದು ಬ್ಯಾಂಕಿನ ಕೆಲಸ ಮಾಡಲು ಸಿಕ್ಕ ಅನುಮತಿ ಮಾತ್ರ, ನಮ್ಮ ಕೆಲಸ ಚೆನ್ನಾಗಿ ನಡೆಯುತ್ತದೆ ಎಂಬ ಭರವಸೆಯಲ್ಲ ಎಂಬುದು ಈ ಹೋಲಿಕೆಯಿಂದ ನನಗೆ ಖಚಿತವಾಗಿದೆ.

ದೊಡ್ಡ ಕಂಪನಿಯ ಅನುಕೂಲ ಏನೆಂದರೆ, ಅದು ಹೆಚ್ಚುಕಡಿಮೆ ಎಲ್ಲ ಮುಖ್ಯ ಬ್ಯಾಂಕುಗಳ ಪ್ಯಾನೆಲ್‌ನಲ್ಲೂ ಇರುತ್ತದೆ. ನಡುವೆ ಬ್ಯಾಂಕ್ ಬದಲಿಸಿದರೂ ಸಾಲಿಸಿಟರನ್ನು ಬದಲಿಸಬೇಕಾಗಿಲ್ಲ. ಕಡತ ಎಲ್ಲಿಗೆ ಬಂದಿದೆ ಎಂಬುದು ಮೊಬೈಲ್‌ನಲ್ಲೇ ಕಾಣುತ್ತದೆ. ಆದರೆ ಕೊಟೇಶನ್‌ನ ಮೊದಲ ಸಾಲಿನಲ್ಲಿರುವ ಮೊತ್ತ ನೋಡಿ ಅಗ್ಗವೆಂದು ತೀರ್ಮಾನಿಸಬಾರದು. ಲೀಸ್‌ಹೋಲ್ಡ್‌ಗೆ (ನೆಲದ ಒಡೆಯರಿಂದ ದೀರ್ಘಾವಧಿಯ ಗುತ್ತಿಗೆಗೆ ಪಡೆದ ಮನೆಗೆ) ಇಷ್ಟು, ಬ್ಯಾಂಕಿನ ಪರ ಕೆಲಸಕ್ಕೆ ಇಷ್ಟು, ಸ್ಟ್ಯಾಂಪ್ ಡ್ಯೂಟಿ ಫಾರ್ಮ್ ತುಂಬಲು ಇಷ್ಟು, ಉಡುಗೊರೆಯಾಗಿ ಬಂದ ಡಿಪಾಸಿಟ್ (ಸಾಲವಲ್ಲದೆ ನಮ್ಮ ಕಡೆಯಿಂದ ಹಾಕುವ ಹಣ) ಪರಿಶೀಲಿಸಲು ಇಷ್ಟು, ಹಣ ವರ್ಗಾಯಿಸಲು ಇಷ್ಟು ಎಂದು ಕೆಳಗೆ ಒಂದೊಂದೇ ಸೇರುತ್ತಾ ಹೋಗಿ, ಅದರ ಮೇಲೆ ವ್ಯಾಟ್ ಬೀಳುತ್ತದೆ. ಏಜೆಂಟ್ ಹೆಸರು ಸೂಚಿಸಿದ್ದಕ್ಕೆ ಅವರಿಗೆ ರೆಫರಲ್ ಶುಲ್ಕ ಸಂದಾಯವಾಗಿರಬಹುದು, ಹಾಗಿದ್ದರೆ ಅದನ್ನು ನಮಗೆ ತಿಳಿಸಬೇಕು. ಏಜೆಂಟ್ ಹೇಳಿದವರನ್ನೇ ಹಿಡಿಯಬೇಕೆಂಬ ನಿಯಮ ಯಾವುದೂ ಇಲ್ಲ.

ನನ್ನ ಫ್ಲ್ಯಾಟಿನ ಲೀಸ್‌ನಲ್ಲಿ ಗ್ರೌಂಡ್ ರೆಂಟ್, ಅಂದರೆ ನೆಲದ ಒಡೆಯರಿಗೆ ಕೊಡುವ ಬಾಡಿಗೆ, ಇಂತಿಷ್ಟು ವರ್ಷಕ್ಕೊಮ್ಮೆ ಏರುವ ಷರತ್ತು ಇತ್ತು. 2022ರ ಜೂನ್ 30ರಿಂದ ಈಚಿನ ಹೊಸ ಲೀಸ್‌ಗಳಲ್ಲಿ ಇಂಥ ಬಾಡಿಗೆಯನ್ನು ಕಾನೂನು ಬಹುಮಟ್ಟಿಗೆ ತೆಗೆದುಹಾಕಿದೆಯಾದರೂ ಹಳೆಯ ಲೀಸ್‌ಗಳಿಗೆ ಅದು ಅನ್ವಯಿಸುವುದಿಲ್ಲ. ಈ ಏರಿಕೆಯಿಂದ ಮುಂದೆ ಮಾರುವಾಗ ತೊಂದರೆಯಾಗುತ್ತದೆಯೇ ಎಂದು ಆ ಆನ್‌ಲೈನ್ ಕಂಪನಿಗೆ ಕೇಳಿ ಬರೆದಾಗ, ಪ್ರತಿ ಸಲವೂ ಬೇರೆ ಬೇರೆ ಹೆಸರಿನವರಿಂದ ಉತ್ತರ ಬಂತು. ಕೊನೆಯದರಲ್ಲಿ ಇದ್ದದ್ದು ಇಷ್ಟೇ: “ಈ ಷರತ್ತು ನಿಮ್ಮ ಬ್ಯಾಂಕಿಗೆ ಒಪ್ಪಿಗೆಯಾಗಿದೆ.” ನಾನು ಕೇಳಿದ್ದು ಬ್ಯಾಂಕಿನ ಒಪ್ಪಿಗೆಯ ವಿಷಯವಾಗಿರಲಿಲ್ಲ. ಬ್ಯಾಂಕುಗಳ ಒಕ್ಕೂಟವಾದ ಯುಕೆ ಫೈನಾನ್ಸ್ ಸಂಸ್ಥೆ ಸಾಲಿಸಿಟರ್‌ಗಳಿಗಾಗಿ ಹೊರಡಿಸುವ ಮಾರ್ಟ್‌ಗೇಜ್ ಲೆಂಡರ್ಸ್ ಹ್ಯಾಂಡ್‌ಬುಕ್‌ನ ಮೊದಲ ಭಾಗದಲ್ಲಿ ಎಲ್ಲರಿಗೂ ಅನ್ವಯಿಸುವ ಸೂಚನೆಗಳೂ ಎರಡನೆಯ ಭಾಗದಲ್ಲಿ ಆಯಾ ಬ್ಯಾಂಕಿನ ವಿಶೇಷ ಬೇಡಿಕೆಗಳೂ ಇರುತ್ತವೆ. ಅವನ್ನು ಪಾಲಿಸಿದರೆ ಬ್ಯಾಂಕಿಗೆ ತನ್ನ ಸಾಲ ಭದ್ರವಾಯಿತೆಂದರ್ಥ. ಇಂದು ಈ ಬ್ಯಾಂಕ್ ಒಪ್ಪಿದ ಲೀಸನ್ನು ನಾಳೆ ನಮ್ಮಿಂದ ಕೊಳ್ಳುವವರ ಬ್ಯಾಂಕ್ ಒಪ್ಪುತ್ತದೆಯೇ ಎಂಬುದನ್ನು ಯೋಚಿಸಿ ಹೇಳಬೇಕಾದವರು ನಮ್ಮ ಪರವಾಗಿ ಓದುವ ಸಾಲಿಸಿಟರ್. ಎಷ್ಟೇ ದೊಡ್ಡ ಕಂಪನಿಯಾದರೂ ಆ ಒಂದು ಪ್ಯಾರಾವನ್ನು ಕೂತು ಓದುವವರು ಯಾರೆಂದು ಗೊತ್ತಾಗದಿದ್ದರೆ, ಲೀಸ್‌ಹೋಲ್ಡ್ ಫ್ಲ್ಯಾಟಿಗೆ ಅಂಥ ಕಡೆ ಹೋಗಬೇಡಿರೆಂದೇ ನಾನು ಹೇಳುತ್ತೇನೆ.

ಮನೆ ಕೊಳ್ಳುವಾಗ ಚಿಕ್ಕ ಕಚೇರಿಗೆ ಹೋಗಲು ಮುಖ್ಯ ಕಾರಣ ಡಿಪಾಸಿಟ್. ನನ್ನ ತಂದೆ ತಾಯಿ ಮೈಸೂರಿನ ಸೈಟೊಂದನ್ನು ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ನಮಗೆ ಕೊಡಲು ನಿಶ್ಚಯಿಸಿದ್ದರು. ಇಲ್ಲಿ ಅಕ್ರಮ ಹಣ ತಡೆ ನಿಯಮಗಳ ಪ್ರಕಾರ ಹಣ ಎಲ್ಲಿಂದ ಬಂತೆಂಬುದನ್ನು ಸಾಲಿಸಿಟರ್ ಪರಿಶೀಲಿಸಲೇಬೇಕು. ಕೊಳ್ಳುವವರ ಸ್ವಂತದ್ದಲ್ಲದ ಹಣ ಸೇರುತ್ತಿದ್ದರೆ ಬ್ಯಾಂಕಿಗೂ ತಿಳಿಸಬೇಕು. ಈ ವಿಷಯವನ್ನು ಎರಡೂ ಕಡೆ ಮೊದಲೇ ಕೇಳಿದೆ. ದೊಡ್ಡ ಕಂಪನಿಯವರು “ದಾಖಲೆ ಅಪ್‌ಲೋಡ್ ಮಾಡಿ, ಆಮೇಲೆ ನೋಡುತ್ತೇವೆ” ಎಂದರು. ಚಿಕ್ಕ ಕಚೇರಿಯ ಸಾಲಿಸಿಟರ್ ಫೋನಿನಲ್ಲೇ ಪಟ್ಟಿ ಕೊಟ್ಟರು: ಕನ್ನಡದಲ್ಲಿರುವ ಕ್ರಯಪತ್ರ ಮತ್ತು ಅದರ ದೃಢೀಕೃತ ಇಂಗ್ಲಿಷ್ ಅನುವಾದ, ಮಾರಿದ ಹಣ ಖಾತೆಗೆ ಜಮೆಯಾದದ್ದನ್ನು ತೋರಿಸುವ ಪಾಸ್‌ಬುಕ್ ಪುಟ, ಅಲ್ಲಿಂದ ಇಲ್ಲಿಗೆ ವರ್ಗಾವಣೆಯಾದ ದಾಖಲೆ, ತಂದೆ ತಾಯಿಯರ ಪಾಸ್‌ಪೋರ್ಟ್ ಪ್ರತಿ, ಹಣವನ್ನು ಮರಳಿ ಕೇಳುವುದಿಲ್ಲ, ಮನೆಯಲ್ಲಿ ಹಕ್ಕು ಸಾಧಿಸುವುದಿಲ್ಲ ಎಂದು ಅವರು ಸಹಿ ಹಾಕಿದ ಪತ್ರ. ಭಾರತದ ನಿವಾಸಿಗಳು ಉದಾರೀಕೃತ ರವಾನೆ ಯೋಜನೆಯಡಿ ಆರ್ಥಿಕ ವರ್ಷಕ್ಕೆ ತಲಾ 2,50,000 ಡಾಲರ್‌ವರೆಗೆ ಕಳಿಸಬಹುದು. ತಂದೆಯೂ ತಾಯಿಯೂ ಬೇರೆ ಬೇರೆಯಾಗಿ ಕಳಿಸುವುದಾದರೆ ಇಬ್ಬರ ಪತ್ರವೂ ಬೇರೆಬೇರೆ ಬೇಕೆಂಬುದನ್ನು ಆ ಸಾಲಿಸಿಟರ್ ಆಗಲೇ ಹೇಳಿದ್ದರಿಂದ, ಊರಿನಲ್ಲಿ ಕಾಗದಗಳನ್ನು ನಿಧಾನವಾಗಿ ಹೊಂದಿಸಿಕೊಳ್ಳಲು ಸಮಯ ಸಿಕ್ಕಿತು. ಊರಿನಿಂದ ಹಣ ತರಿಸುವ ಕನ್ನಡಿಗರಿಗೆ ಈ ಒಂದು ವಿಷಯ ಶುಲ್ಕದ ವ್ಯತ್ಯಾಸಕ್ಕಿಂತ ದೊಡ್ಡದು ಎಂದು ನಾನು ಮನಸಾರೆ ನಂಬಿದ್ದೇನೆ.

ಆ ಕಚೇರಿಗೆ ಊರಿನ ನೆಲವೂ ಗೊತ್ತಿತ್ತು. ಥೇಮ್ಸ್ ಮತ್ತು ಕೆನೆಟ್ ನದಿಗಳು ಸೇರುವ ಊರಾದ್ದರಿಂದ, ಪರಿಸರ ಸರ್ಚ್ ವರದಿ ಬರುವ ಮೊದಲೇ, ಆ ಬೀದಿಗೆ ಪ್ರವಾಹದ ವಿಮೆ ಯಾವ ದರಕ್ಕೆ ಸಿಗುತ್ತದೆಂದು ವಿಚಾರಿಸಿಕೊಳ್ಳಲು ಹೇಳಿದರು. ಹಾಗೆಂದು ಕೊರತೆಗಳು ಇಲ್ಲವೆಂದಲ್ಲ. ಶುಲ್ಕ ಜಾಸ್ತಿ, ಇಮೇಲ್‌ಗೆ ಉತ್ತರ ನಿಧಾನ, ಅವರು ರಜೆ ಹೋದರೆ ಕಡತ ಅಲ್ಲಿಯೇ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಚಿಕ್ಕ ಕಚೇರಿಗಳು ಎಲ್ಲ ಪ್ಯಾನೆಲ್‌ಗಳಲ್ಲೂ ಇರುವುದಿಲ್ಲ. ವರ್ಷಕ್ಕೆ ಕಡಿಮೆ ಕಡತ ಮಾಡುವ ಕಚೇರಿಗಳನ್ನು ಬ್ಯಾಂಕುಗಳು ಪಟ್ಟಿಯಿಂದ ಕೈಬಿಡುವುದುಂಟು. 2012ರಲ್ಲಿ ಎಚ್‌ಎಸ್‌ಬಿಸಿ ತನ್ನ ಪ್ಯಾನೆಲನ್ನು 43 ಕಚೇರಿಗಳಿಗೆ ಇಳಿಸಿದ್ದು ಇಲ್ಲಿ ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಅದನ್ನು ಸಡಿಲಿಸಿತು. ಆದ್ದರಿಂದ “ನೀವು ಪ್ಯಾನೆಲ್‌ನಲ್ಲಿದ್ದೀರಾ?” ಎಂದು ಕೇಳಿದರೆ ಸಾಲದು. ಸಾಲ ಕೊಡುವ ಬ್ಯಾಂಕಿನ ಹೆಸರು ಹೇಳಿ, ನಮ್ಮ ಕೆಲಸ ಮಾಡುವ ಸಾಲಿಸಿಟರ್ ಶಾಖೆಯ ಹೆಸರು ಹೇಳಿ, ಬರವಣಿಗೆಯಲ್ಲಿ ಉತ್ತರ ಪಡೆದು, ಮಾರ್ಟ್‌ಗೇಜ್ ಬ್ರೋಕರ್ ಮೂಲಕವೂ ತಾಳೆ ನೋಡಬೇಕು.

ಸಾಲಿಸಿಟರ್ ಬೇಕೋ, ಆಸ್ತಿ ವರ್ಗಾವಣೆಯ ಕೆಲಸಕ್ಕೆ ಪರವಾನಗಿ ಪಡೆದ ಲೈಸೆನ್ಸ್ಡ್ ಕನ್ವೇಯನ್ಸರ್ ಸಾಕೋ ಎಂಬುದು ನನಗೆ ಅಷ್ಟು ದೊಡ್ಡ ಪ್ರಶ್ನೆಯಾಗಿ ಕಂಡಿಲ್ಲ. ಮೊದಲನೆಯವರು ಎಸ್‌ಆರ್‌ಎ ಎಂಬ ನಿಯಂತ್ರಣ ಸಂಸ್ಥೆಯ ಅಧೀನದಲ್ಲಿ, ಎರಡನೆಯವರು ಸಿಎಲ್‌ಸಿ ಎಂಬ ನಿಯಂತ್ರಣ ಸಂಸ್ಥೆಯ ಅಧೀನದಲ್ಲಿ ಇರುತ್ತಾರೆ. ಇಬ್ಬರಿಗೂ ಪ್ಯಾನೆಲ್‌ನಲ್ಲಿ ಜಾಗವಿದೆ. ವಿಚ್ಛೇದನ, ವಿಲ್ ಅಥವಾ ಆಸ್ತಿ ವಿವಾದ ಕಡತದಲ್ಲಿ ಸೇರಿಕೊಂಡಿದ್ದರೆ ಮಾತ್ರ ಸಾಲಿಸಿಟರ್ ಕಚೇರಿಯೇ ಮೇಲು.

ಬ್ಯಾಂಕಿನ ಉಚಿತ ಸೇವೆ ಸಿಗುವುದು ಹೆಚ್ಚಾಗಿ ಸಾಲ ವರ್ಗಾವಣೆಯಲ್ಲಿ. ಅಲ್ಲಿ ಆ ಕಚೇರಿ ಸಾಮಾನ್ಯವಾಗಿ ಬ್ಯಾಂಕಿನ ಪರ ಮಾತ್ರ ಕೆಲಸ ಮಾಡುತ್ತದೆ, ನಮಗೆ ಸಲಹೆ ಕೊಡುವುದಿಲ್ಲ. ಹಳೆಯ ಸಾಲ ತೀರಿಸಿ ಹೊಸದನ್ನು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ದಾಖಲಿಸುವಷ್ಟೇ ಕೆಲಸವಿದ್ದರೆ ಇದು ಸಾಕು, ನಮಗೂ ಅಡಚಣೆಯಾಗಲಿಲ್ಲ. ಅದೇ ಹೊತ್ತಿಗೆ ಹೆಂಡತಿಯ ಹೆಸರನ್ನೂ ಮಾಲೀಕತ್ವಕ್ಕೆ ಸೇರಿಸುವುದಾದರೆ ಆ ಭಾಗಕ್ಕೆ ಸ್ವಂತ ಸಾಲಿಸಿಟರನ್ನು ಹಿಡಿಯುವುದು ಲೇಸು. ಸಾಲದಲ್ಲಿ ಪಾಲು ವಹಿಸಿಕೊಳ್ಳುವವರಿಗೆ ಸ್ಟ್ಯಾಂಪ್ ಡ್ಯೂಟಿ ತಗಲುವ ಸಂದರ್ಭಗಳಿವೆ, ಅದನ್ನು ಬ್ಯಾಂಕಿನ ವಕೀಲರು ನಮಗೆ ವಿವರಿಸಿ ಹೇಳುವುದಿಲ್ಲ.

ಬರೀ ಮಾರುವವರಿಗೆ ಪ್ಯಾನೆಲ್ ವಿಚಾರ ಇಷ್ಟು ಬಿಗಿಯಲ್ಲ. ಫ್ರೀಹೋಲ್ಡ್ ಮನೆ (ನೆಲವೂ ಸೇರಿ ಪೂರ್ತಿ ಸ್ವಂತವಾದದ್ದು) ಮಾರುವುದಷ್ಟೇ ಇದ್ದರೆ ನಾನು ಈಗಲೂ ಆನ್‌ಲೈನ್ ಕಂಪನಿಗೆ ಕೊಡಲು ಹಿಂಜರಿಯುವುದಿಲ್ಲ. ಮಾರುವುದು ಮತ್ತು ಕೊಳ್ಳುವುದು ಒಂದೇ ದಿನ ನಡೆಯಬೇಕಿದ್ದರೆ ಎರಡನ್ನೂ ಒಂದೇ ಕಚೇರಿಗೆ ಕೊಡಬೇಕು, ಆ ಕಚೇರಿ ಕೊಳ್ಳುವ ಮನೆಗೆ ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್‌ನಲ್ಲಿರಬೇಕು. ಫ್ಲ್ಯಾಟ್ ಮಾರುವವರು ಗಿರಾಕಿ ಸಿಕ್ಕ ದಿನವೇ ಮ್ಯಾನೇಜ್‌ಮೆಂಟ್ ಪ್ಯಾಕ್‌ಗೆ (ಕಟ್ಟಡದ ನಿರ್ವಹಣೆಯ ಲೆಕ್ಕ, ದಾಖಲೆಗಳ ಕಟ್ಟು) ಬೇಡಿಕೆ ಸಲ್ಲಿಸಲು ತಮ್ಮ ಸಾಲಿಸಿಟರಿಗೆ ಹೇಳಬೇಕು, ಏಕೆಂದರೆ ಅದನ್ನು ಕೊಡುವುದು ಕಟ್ಟಡದ ನಿರ್ವಹಣಾ ಸಂಸ್ಥೆ, ಅವರನ್ನು ಅವಸರಪಡಿಸುವುದು ಯಾವ ಸಾಲಿಸಿಟರಿಗೂ ಸುಲಭವಲ್ಲ.