ಆರ್‌ಎಕ್ಸ್ 100 ಕಾರ್ಬುರೇಟರ್‌ಗೆ ನೈಟ್ರೈಲ್ ಪೈಪ್: ಎರಡೂವರೆ ವರ್ಷ ಓಡಿಸಿದ ಮೇಲೆ

ನನ್ನದು 1991ರ ಯಮಹಾ ಆರ್‌ಎಕ್ಸ್ 100. ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಗಾಡಿ ಜೊತೆ ಬಂದ ಮಿಕುನಿ ಕಂಪನಿಯದೇ. ಅದನ್ನು ಪೂರ್ತಿ ಬಿಚ್ಚಿಸಿ ನೀಡಲ್ ವಾಲ್ವ್ (ಒಳಗೆ ಪೆಟ್ರೋಲ್ ತುಂಬಿದ ಮೇಲೆ ದಾರಿ ಮುಚ್ಚುವ ಸಣ್ಣ ಸೂಜಿ), ಗ್ಯಾಸ್ಕೆಟ್ ಎಲ್ಲ ಹೊಸದು ಹಾಕಿಸಿದೆ. ಪೆಟ್ರೋಲ್ ಪೈಪ್, ಗಾಳಿ ಪೈಪ್ ಮಾತ್ರ ರಿಪೇರಿ ಕಿಟ್‌ನಲ್ಲಿ ಬಂದ ಪ್ಲಾಸ್ಟಿಕ್ಕಿನವು. ಪೆಟ್ರೋಲ್ ಇಳಿಯೋದು ಹೊರಗೇ ಕಾಣುತ್ತಿತ್ತು, ನನಗೂ ಇಷ್ಟವಾಗಿತ್ತು.

ಆಮೇಲೆ ಶುರುವಾಯಿತು ತೊಂದರೆ. ಆರೇಳು ಕಿಲೋಮೀಟರ್ ಹೋದ ಮೇಲೆ ಗಾಡಿ ಸೊರಗಿ ನಿಂತುಬಿಡುತ್ತಿತ್ತು, ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಪ್ಲಗ್ ಬದಲಾಯಿಸಿದೆ. ಕಾಯಿಲ್ ಬದಲಾಯಿಸಿದೆ. ಟ್ಯಾಂಕ್ ಮುಚ್ಚಳದ ಗಾಳಿ ತೂತನ್ನೂ ನೋಡಿದೆ. ಒಂದಿನ ಹಾಸನ ದಾಟಿ ಸಕಲೇಶಪುರದ ಕಡೆ ಹೋಗುವಾಗ ಮತ್ತೆ ನಿಂತಿತು. ಬಗ್ಗಿ ನೋಡಿದರೆ ಕಾರ್ಬುರೇಟರ್‌ನ ಗಾಳಿ ಪೈಪ್ ಫ್ರೇಮಿನ ಸಂದಿಗೆ ಸಿಕ್ಕಿ, ಎಂಜಿನ್ ಬಿಸಿಗೆ ಮೆತ್ತಗಾಗಿ, ರಿಬ್ಬನ್ ಥರ ಚಪ್ಪಟೆಯಾಗಿತ್ತು. ಬೆರಳು ಹಾಕಿ ಎಳೆದು ಬಿಡಿಸಿದೆ. ಕಾಯದೆ ಒಂದೇ ಕಿಕ್‌ಗೆ ಎದ್ದಿತು.

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಗಳಗಳ ಅಂತ ನಿಂತು ನಿಂತು ಬೀಳುತ್ತೆ, ಇನ್ನೊಂದು ತೂತು ಹೊಡೆದರೆ ಸರಾಗ, ಅಲ್ವಾ? ಇಲ್ಲೂ ಅದೇ. ಹೊರಗಿನ ಗಾಳಿ ಆ ಸಣ್ಣ ಪೈಪಿನಿಂದ ಒಳಗೆ ಬಂದು ಬೌಲ್‌ನ (ಕಾರ್ಬುರೇಟರ್ ತಳದ ಬಟ್ಟಲಿನ) ಪೆಟ್ರೋಲನ್ನು ಒತ್ತಿದರೆ ಮಾತ್ರ ಅದು ಜೆಟ್ ಅನ್ನುವ ಸಣ್ಣ ತೂತಿನ ಮೂಲಕ ಮೇಲೇರುತ್ತೆ. ಇಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲ್ ಕಮ್ಮಿಯಾದರೆ ಗಾಡಿ ನಿಲ್ಲೋದಷ್ಟೇ ಅಲ್ಲ, ಪಿಸ್ಟನ್ ಬಿಸಿಯಾಗಿ ಸೀಜ್ ಆಗಬಹುದು, ಅಂದರೆ ಸಿಲಿಂಡರಿಗೆ ಕಚ್ಚಿಕೊಂಡುಬಿಡಬಹುದು. ನನ್ನ ಪುಣ್ಯ, ಅಷ್ಟು ದೂರ ಹೋಗಲಿಲ್ಲ.

ಮರುವಾರವೇ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಪ್ಪು ನೈಟ್ರೈಲ್ ರಬ್ಬರ್ ಪೈಪ್ ಮೀಟರ್ ಲೆಕ್ಕದಲ್ಲಿ ತಂದೆ. ಪ್ಲಾಸ್ಟಿಕ್ಕಿಗಿಂತ ಬೆಲೆ ಜಾಸ್ತಿ, ಆದರೆ ಬೇಕಾಗೋದೇ ಮೊಳದುದ್ದ. ಅಳತೆಗೆ ಹಳೇ ತುಂಡನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಬಣ್ಣಬಣ್ಣದ ಸಿಲಿಕಾನ್ ಪೈಪ್ ತೋರಿಸಿದರೆ ಬೇಡ ಅನ್ನಿ, ಪೆಟ್ರೋಲಿಗೆ ಅದು ಊದಿಕೊಳ್ಳುತ್ತೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಬಿಡುಗಡೆಯಾದ, 20% ಎಥನಾಲ್ ಇರುವ ಪೆಟ್ರೋಲ್ ಈಗ ಬಂಕ್‌ಗಳಲ್ಲಿ ಸಿಗೋದರಿಂದ ಹಳೇ ಗಾಡಿಯವರು ಪೈಪ್ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು.

ಈಗ ಹನ್ನೊಂದು ಸಾವಿರ ಕಿಲೋಮೀಟರ್ ಆಗಿದೆ. ಗಾಡಿ ಆ ಥರ ಒಮ್ಮೆಯೂ ನಿಂತಿಲ್ಲ. ಪೈಪ್ ಈಗಲೂ ಹಿಚುಕಿದರೆ ಬಗ್ಗಿ ವಾಪಸ್ ಬರುತ್ತೆ. ಎರಡನೇ ವರ್ಷ ಪೆಟ್ರೋಲ್ ಕಾಕ್ (ಟ್ಯಾಂಕ್ ಕೆಳಗಿನ ನಲ್ಲಿ) ಕಡೆಯ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು, ಬೆರಳಲ್ಲಿ ಮಡಿಸಿದಾಗ ಮಾತ್ರ ಕಾಣೋದು. ಒಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಸಿಕ್ಕಿಸಿದೆ. ಅದಕ್ಕೇ ಪೆಟ್ರೋಲ್ ಪೈಪ್ ಸ್ವಲ್ಪ ಉದ್ದ ಬಿಡಿ, ಆದರೆ ಮಧ್ಯದಲ್ಲಿ ಎಲ್ಲೂ ಮೇಲಕ್ಕೆ ಉಬ್ಬಬಾರದು, ಅಲ್ಲಿ ಗಾಳಿ ನಿಲ್ಲುತ್ತೆ. ಕೊರತೆ ಅಂದರೆ ಇದು ಸ್ವಲ್ಪ ಗಟ್ಟಿ, ಜಾಸ್ತಿ ಬಗ್ಗಿಸಿದರೆ ಮುರಿದ ಹಾಗೆ ಮಡಚಿಕೊಳ್ಳುತ್ತೆ. ಪೆಟ್ರೋಲ್ ಇಳಿಯೋದೂ ಕಾಣಲ್ಲ. ತಿರುಗಿಸಿ ಬಿಗಿ ಮಾಡುವ ಪಟ್ಟಿ ಕ್ಲಿಪ್ ರಬ್ಬರನ್ನು ಕೊಯ್ದಿತ್ತು, ತಂತಿಯ ಸ್ಪ್ರಿಂಗ್ ಕ್ಲಿಪ್ ಹಾಕಿದ ಮೇಲೆ ಸರಿಹೋಯಿತು.

ಗಾಳಿ ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿ ಒಣಗಿದ ಜಾಗದಲ್ಲಿ ಬಿಟ್ಟಿದ್ದೇನೆ. ನೀರಿನ ಹನಿಯಾಗಲಿ ಕೆಸರಾಗಲಿ ಅಲ್ಲಿ ಮುಚ್ಚಿಕೊಳ್ಳೋಲ್ಲ. ಬೌಲ್ ಕೆಳಗಿನ ಓವರ್‌ಫ್ಲೋ ಪೈಪ್ ಸೈಲೆನ್ಸರ್‌ನಿಂದ ದೂರ, ನೇರ ಕೆಳಕ್ಕೆ. ಅದರಿಂದ ಪೆಟ್ರೋಲ್ ತೊಟ್ಟಿಕ್ಕುತ್ತೆ ಅಂತ ಒಬ್ಬ ಮೆಕ್ಯಾನಿಕ್ ಸ್ಕ್ರೂ ತುರುಕಿ ಮುಚ್ಚಲು ಹೇಳಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ತೊಟ್ಟಿಕ್ಕಿದರೆ ನೀಡಲ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಅಂತ ಅರ್ಥ, ಪೈಪ್ ಮುಚ್ಚಿದರೆ ಆ ಪೆಟ್ರೋಲ್ ಎಂಜಿನ್ ಒಳಗೆ ಇಳಿಯುತ್ತೆ.