ಹೆಸರು ಹುಡುಕಲು ಏಜೆಂಟ್, ಗೂಗಲ್, ಸರ್ಕಾರಿ ಪೋರ್ಟಲ್: ನನ್ನ ಓಟು ಪೋರ್ಟಲ್‌ಗೆ

ಕಡಕ್ ರೊಟ್ಟಿ, ಶೇಂಗಾ ಹಿಂಡಿ ಪ್ಯಾಕ್ ಮಾಡಿ ಮಾರುವುದು ನಮ್ಮ ಕೆಲಸ. ಕಲಬುರಗಿಯ ನಮ್ಮ ಮನೆಯಲ್ಲೇ ಶುರು ಮಾಡಿದ್ದು. ಮೊದಲು ಇಟ್ಟ ಹೆಸರಿನಲ್ಲಿ ‘ಬುತ್ತಿ’ ಅನ್ನೋ ಪದ ಇತ್ತು. 2,000 ಕವರ್ ಹೊಡೆಸಿ ಮೂರು ತಿಂಗಳಾಗಿರಲಿಲ್ಲ, ಬೇರೆ ಊರಿನ ವ್ಯಾಪಾರಿಯೊಬ್ಬರ ವಕೀಲರಿಂದ ನೋಟಿಸ್ ಬಂತು. ಆ ಹೆಸರನ್ನು ಆ ವ್ಯಾಪಾರಿ ಆಗಲೇ ಟ್ರೇಡ್‌ಮಾರ್ಕ್ ಅಂತ ರಿಜಿಸ್ಟರ್ ಮಾಡಿಸಿದ್ದರು.

ಹೆಸರು ಇಡುವ ಮೊದಲು ನಾನು ಒಬ್ಬ ಏಜೆಂಟ್ ಹತ್ತಿರ ಹುಡುಕಿಸಿದ್ದೆ. 1,500 ರೂಪಾಯಿ ಕೊಟ್ಟೆ. ‘ಯಾರೂ ಇಟ್ಟಿಲ್ಲ’ ಅಂತ ಒಂದು ಸ್ಕ್ರೀನ್‌ಶಾಟ್ ಬಂತು, ಅಷ್ಟೇ.

ನೋಟಿಸ್ ಬಂದ ರಾತ್ರಿ ಸರ್ಕಾರದ ಟ್ರೇಡ್‌ಮಾರ್ಕ್ ಪೋರ್ಟಲ್‌ನಲ್ಲಿ ನಾನೇ ಕೂತು ಹುಡುಕಿದೆ. ದುಡ್ಡು ಬೇಡ. ಆಗ ಎಡವಟ್ಟು ಎಲ್ಲಿ ಆಗಿದ್ದು ಅಂತ ಗೊತ್ತಾಯಿತು. ಬುತ್ತಿಯ ‘ತ್ತಿ’ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆಯುತ್ತೀರಿ? ನಾವು ಟಿ ಟಿ ಐ ಅಂತ ಬರೆದಿದ್ದೆವು. ಅವರದು ಟಿ ಎಚ್ ಐ. ಪೋರ್ಟಲ್‌ನ ‘ವರ್ಡ್‌ಮಾರ್ಕ್’ ಹುಡುಕಾಟ, ಅಂದರೆ ಹೆಸರು ಟೈಪ್ ಮಾಡಿ ಹುಡುಕುವುದು, ಅಕ್ಷರ ನೋಡುತ್ತದೆ, ಉಚ್ಚಾರ ನೋಡುವುದಿಲ್ಲ. ಏಜೆಂಟ್ ನಮ್ಮ ಸ್ಪೆಲ್ಲಿಂಗ್ ಒಂದನ್ನೇ ಹಾಕಿ ಮುಗಿಸಿದ್ದರು. ಆದರೆ ಕಾನೂನು ಕಿವಿಗೆ ಹೇಗೆ ಕೇಳುತ್ತೆ ಅನ್ನುವುದನ್ನೂ ನೋಡುತ್ತದೆ. ಅದಕ್ಕೇ ಅಲ್ಲಿ ‘ಫೋನೆಟಿಕ್’ ಅಂತ, ಉಚ್ಚಾರ ನೋಡುವ ಬೇರೆ ಹುಡುಕಾಟ ಇದೆ. ಅದರಲ್ಲಿ ಹಾಕಿದ ಕೂಡಲೇ ಅವರ ಹೆಸರು ಬಂತು.

ಅದನ್ನೂ ಪೂರ್ತಿ ನಂಬಿ ಕೂರಬೇಡಿ. ಒಂದು ಟಿ, ಎರಡು ಟಿ, ಟಿ ಎಚ್, ಕೊನೆಗೆ ಐ, ಡಬಲ್ ಇ, ವೈ... ಎಲ್ಲ ನೋಟ್‌ಬುಕ್‌ನಲ್ಲಿ ಬರೆದುಕೊಂಡು ಒಂದೊಂದೇ ಹಾಕಿ. ಮೊದಲ ಮೂರಕ್ಷರ, ಬಿ ಯು ಟಿ, ಮಾತ್ರ ಹಾಕಿ ನೋಡಿದರೆ ಬಟರ್ ಅಂತ ಶುರುವಾಗುವ ಹೆಸರುಗಳೇ ಸಾಲುಸಾಲಾಗಿ ಬರುತ್ತವೆ. ಬೇಜಾರಾಗುತ್ತೆ, ಆದರೂ ಕೆಳಗಿನವರೆಗೆ ನೋಡಿ. ಕ್ಯಾಪ್ಚಾ ಪದೇ ಪದೇ ಕಾಟ ಕೊಡುತ್ತದೆ. ಫೋನ್‌ಗಿಂತ ಲ್ಯಾಪ್‌ಟಾಪ್ ವಾಸಿ.

ಟ್ರೇಡ್‌ಮಾರ್ಕ್‌ನಲ್ಲಿ ಸರಕು, ಸೇವೆಗಳನ್ನು ವಿಂಗಡಿಸಿ ನಂಬರ್ ಕೊಟ್ಟಿರುತ್ತಾರೆ, ಅದೇ ಕ್ಲಾಸ್. ಒಟ್ಟು 45 ಕ್ಲಾಸ್ ಇವೆ. ರೊಟ್ಟಿ 30ರಲ್ಲಿ ಬರುತ್ತದೆ. ಹುರಿದ ಶೇಂಗಾ 29, ಖಾನಾವಳಿ 43, ಅಂಗಡಿ ವ್ಯಾಪಾರ 35. ಮುಂದೆ ಖಾನಾವಳಿ ಹಾಕುವ ಆಸೆ ಇದ್ದರೆ ಅದನ್ನೂ ಈಗಲೇ ನೋಡಿಬಿಡಿ.

ಗೂಗಲ್‌ನಲ್ಲಿ ಹುಡುಕಿದರೆ ಸಾಲುವುದಿಲ್ಲ, ಆದರೆ ಬಿಡಲೂ ಬಾರದು. ರಿಜಿಸ್ಟರ್ ಮಾಡಿಸದೆ ಮೊದಲಿಂದ ಹೆಸರು ಬಳಸುತ್ತಾ ಬಂದವರಿಗೂ ಹಕ್ಕಿದೆ, ಅವರು ಪೋರ್ಟಲ್‌ನಲ್ಲಿ ಸಿಗುವುದಿಲ್ಲ. ನಾನು ನಮ್ಮೂರಿನ ಸೂಪರ್ ಮಾರ್ಕೆಟ್, ಗಂಜ್ ಬಜಾರ್ ಸುತ್ತಿ ಅಂಗಡಿಗಳ ಪ್ಯಾಕೆಟ್‌ಗಳನ್ನೂ ನೋಡಿ ಬಂದೆ. ಜಿಎಸ್‌ಟಿ ನಂಬರ್, ಎಫ್‌ಎಸ್‌ಎಸ್‌ಎಐ ಅನ್ನೋ ಆಹಾರದ ಲೈಸೆನ್ಸ್ ಇದೆ ಅಂದರೆ ಹೆಸರು ನಿಮ್ಮದಾಯಿತು ಅಂತಲ್ಲ. ನಮ್ಮ ಹತ್ತಿರ ಅವೆರಡೂ ಇದ್ದವು. ಇನ್ನು ಹೆಸರಿನ ಮುಂದೆ ಸುಮ್ನೆ ಊರಿನ ಹೆಸರು ಸೇರಿಸಿದರೆ ಬೇರೆ ಆಗುವುದಿಲ್ಲ. ಬೇಳೆ ಮಾರುವವರು ಇನ್ನೂ ಜಾಸ್ತಿ ಹುಷಾರಾಗಿರಬೇಕು, ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲೇ ಜಿಐ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಸಿಕ್ಕಿದೆ.

ಹಾಗಂತ ಏಜೆಂಟ್ ಬೇಡವೇ ಬೇಡ ಅನ್ನಲ್ಲ. ಹತ್ತಿರದ ಹೆಸರು ಸಿಕ್ಕಿ ಅನುಮಾನ ಬಂದರೆ ಟ್ರೇಡ್‌ಮಾರ್ಕ್ ಗೊತ್ತಿರುವ ವಕೀಲರನ್ನು ಕೇಳಿ, ಆ ದುಡ್ಡು ದಂಡವಲ್ಲ. ನನಗೆ ರಾತ್ರಿ ಹತ್ತರ ನಂತರ ಬಿಡುವು, ಕೈಯಲ್ಲಿ ದುಡ್ಡು ಕಡಿಮೆ. ಅರ್ಜಿಗೇ ನಮ್ಮಂಥವರಿಗೆ ಆನ್‌ಲೈನ್‌ನಲ್ಲಿ ಒಂದು ಕ್ಲಾಸ್‌ಗೆ 4,500 ರೂಪಾಯಿ ಆಗುತ್ತದೆ. ಹುಡುಕಾಟ ನಾನೇ ಮಾಡಿದೆ, ನಾಲ್ಕು ರಾತ್ರಿ ಹಿಡಿಯಿತು.

ಹೊಸ ಹೆಸರಿಗೆ ಕ್ಲಾಸ್ 30ರಲ್ಲಿ ಅರ್ಜಿ ಹಾಕಿದ್ದೇನೆ. ಟ್ರೇಡ್‌ಮಾರ್ಕ್ ಕಚೇರಿ ಹೊರಡಿಸುವ ಜರ್ನಲ್‌ನಲ್ಲಿ ಹೆಸರು ಬಂದ ಮೇಲೆ ತಕರಾರು ಹಾಕಲು ಬೇರೆಯವರಿಗೆ ನಾಲ್ಕು ತಿಂಗಳು ಇರುತ್ತದೆ. ಅದು ಕಳೆಯುವವರೆಗೆ ಕವರ್ 200ರಂತೆ ಮಾತ್ರ ಹೊಡೆಸುತ್ತೇನೆ.