ಮಾಲು ತುಂಬಿದ ಲಾರಿಯಿಂದ ಕಾಗದವಿಲ್ಲದೆ ಇಳಿಯಬೇಡಿ: ಝಾನ್ಸಿಯಲ್ಲಿ ಕೆಲಸ ಬಿಟ್ಟ ಚಾಲಕನ ಎಚ್ಚರಿಕೆ

ನ್ಯಾಷನಲ್ ಪರ್ಮಿಟ್ ಲಾರಿಗಳಲ್ಲಿ ದುಡಿಯುತ್ತಿರುವ, ಅಥವಾ ಸಂಬಳ ಹೆಚ್ಚು ಸಿಗುತ್ತದೆಂದು ಉತ್ತರದ ಲೈನಿಗೆ ಹೊರಟಿರುವ ನಮ್ಮ ಕಡೆಯ ಚಾಲಕರು ಇದನ್ನು ದಯವಿಟ್ಟು ಪೂರ್ತಿಯಾಗಿ ಓದಬೇಕು. ಊರಿನಿಂದ ಬಹುದೂರದಲ್ಲಿ ಕೆಲಸ ಬಿಡಬೇಕಾದ ಸ್ಥಿತಿ ಯಾರಿಗೆ ಬೇಕಾದರೂ ಬರಬಹುದು, ಹಾಗೆ ಬಿಡುವುದು ಅಪರಾಧವೂ ಅಲ್ಲ. ಆದರೆ ಮಾಲು ತುಂಬಿದ ಗಾಡಿಯನ್ನು ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ ಒಪ್ಪಿಸಿದಿರಿ ಎಂಬುದಕ್ಕೆ ನಿಮ್ಮ ಕೈಯಲ್ಲಿ ದಾಖಲೆ ಇಲ್ಲದಿದ್ದರೆ, ನಿಮ್ಮನ್ನು ಕಳ್ಳನ ಸಾಲಿನಲ್ಲಿ ನಿಲ್ಲಿಸಲು ಮಾಲೀಕನ ಒಂದು ದೂರು ಸಾಕು.

ನಾನು ಮಲೆನಾಡಿನ ಒಬ್ಬ ಲಾರಿ ಮಾಲೀಕರ ಬಳಿ 12 ಚಕ್ರದ ಗಾಡಿಗೆ ಸೇರಿದ್ದೆ. ಅಡಿಕೆ ಮಂಡಿಗಳಿಂದ ನಾಗಪುರ, ಕಾನ್ಪುರ, ದೆಹಲಿಗೆ ಹೋಗುವ ಲೋಡುಗಳು. ಸೇರುವಾಗ ಜೆರಾಕ್ಸ್ ಮಾಡಿಸಿಕೊಡುತ್ತೇವೆಂದು ನನ್ನ ಮೂಲ ಡಿಎಲ್ (ಚಾಲನಾ ಪರವಾನಗಿ) ತೆಗೆದುಕೊಂಡ ಕಚೇರಿಯವರು, ಎಷ್ಟು ಸಲ ಕೇಳಿದರೂ ಅದನ್ನು ಹಿಂದಿರುಗಿಸಲಿಲ್ಲ. ಮೊದಲ ತಿಂಗಳ ಸಂಬಳವನ್ನು 'ಡೆಪಾಸಿಟ್' ಎಂದು ಹಿಡಿದಿಟ್ಟುಕೊಂಡರು. ಖಾಲಿ ಬಾಂಡ್ ಕಾಗದಕ್ಕೆ ಸಹಿ ಹಾಕುವಂತೆಯೂ ಒತ್ತಾಯಿಸಿದರು, ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಡಿಎಲ್, ಸಂಬಳ, ಬಾಂಡ್ ಈ ಮೂರರ ಉದ್ದೇಶವೂ ಒಂದೇ: ದಾರಿಯಲ್ಲಿ ಏನೇ ಆದರೂ ನೀವು ಗಾಡಿಯಿಂದ ಇಳಿಯಬಾರದು. ಚಾಲಕನ ಡಿಎಲ್ ವಶಪಡಿಸಿಕೊಳ್ಳುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 206ನೆಯ ಕಲಮಿನ ಪ್ರಕಾರ ಪೊಲೀಸರಿಗೂ ಅಧಿಕೃತ ಅಧಿಕಾರಿಗಳಿಗೂ ಉಂಟೇ ಹೊರತು ಲಾರಿ ಮಾಲೀಕರಿಗೆ ಇಲ್ಲ. ಡಿಜಿಲಾಕರ್‌ನಲ್ಲಿರುವ ಡಿಎಲ್ ತಪಾಸಣೆಯಲ್ಲಿ ನಡೆಯುತ್ತದೆ. ಹಾಗಾಗಿ ಲೈನಿಗೆ ಹೊರಡುವ ಮೊದಲೇ ಅದನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ.

ಕಾನ್ಪುರದ ಆ ಟ್ರಿಪ್ಪಿಗೆ ಇಬ್ಬರು ಚಾಲಕರಾಗಿ ಹೊರಟಿದ್ದೆವು. ನಾಗಪುರ ತಲುಪಿದಾಗ ಜೊತೆಯಲ್ಲಿದ್ದವರನ್ನು ಅದೇ ಮಾಲೀಕರ ಇನ್ನೊಂದು ಗಾಡಿಗೆ ಹತ್ತಿಸಿ, ಮುಂದಿನ ದಾರಿಯನ್ನು ನನ್ನೊಬ್ಬನ ತಲೆಗೆ ಕಟ್ಟಿದರು. 44ನೆಯ ಹೆದ್ದಾರಿಯಲ್ಲಿ ಸಿವನಿ, ನರಸಿಂಗಪುರ, ಸಾಗರ, ಲಲಿತಪುರ ದಾಟಿ ಝಾನ್ಸಿಯವರೆಗೆ ಹೋಗಿ, ಅಲ್ಲಿಂದ 27ನೆಯ ಹೆದ್ದಾರಿ ಹಿಡಿದು ಒರಾಯಿ ಮೂಲಕ ಕಾನ್ಪುರ ಸೇರಬೇಕು. ಜನವರಿ ತಿಂಗಳು. ಲಲಿತಪುರ ದಾಟಿದ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಮುಂದೆ ಹೋಗುತ್ತಿದ್ದ ಟ್ರೇಲರಿನ ಹಿಂದಿನ ದೀಪ ಕಾಣಿಸುವ ಹೊತ್ತಿಗೆ ಬ್ರೇಕಿನ ಮೇಲೆ ನಿಲ್ಲಬೇಕಾಗುತ್ತಿತ್ತು. ನಿದ್ದೆಯಿಲ್ಲದ ಕಣ್ಣುಗಳು ಉರಿಯುತ್ತಿದ್ದವು. ಗಾಡಿ ನಿಂತರೆ ಸಾಕು, ಜಿಪಿಎಸ್ ನೋಡುತ್ತಾ ಕುಳಿತವರ ಫೋನು ಬರುತ್ತಿತ್ತು. ತಡವಾದರೆ ಮಾಲು ಸಾಗಣೆಯ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ಲಿನ ಅವಧಿ ಮುಗಿದು ದಂಡ ಬೀಳುತ್ತದೆ, ಅದನ್ನು ನನ್ನ ಸಂಬಳದಿಂದ ಮುರಿಯುತ್ತೇವೆ ಎಂದು ಬೆದರಿಸಿದರು. ಇದು ಶುದ್ಧ ಸುಳ್ಳು. ಇ-ವೇ ಬಿಲ್ಲಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ ಇರುತ್ತದೆ. ನಮ್ಮ ದಾರಿ 1,700 ಕಿ.ಮೀ.ಗಿಂತ ಹೆಚ್ಚು, ಅಂದರೆ ಕಡಿಮೆಯೆಂದರೂ ಒಂಬತ್ತು ದಿನಗಳ ಅವಧಿ. ಬಿಲ್ಲಿನ ಮೇಲೆಯೇ ಅದರ ಕೊನೆಯ ದಿನಾಂಕ ಮುದ್ರಿತವಾಗಿರುತ್ತದೆ, ಯಾರಾದರೂ ಹೀಗೆ ಹೆದರಿಸಿದರೆ ಮೊದಲು ಅದನ್ನು ನೋಡಿ.

ಬಬೀನಾ ದಾಟಿದ ಮೇಲೆ ಸಿಕ್ಕ ಧಾಬಾದ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಮಂಜು ಕರಗುವವರೆಗೂ ಹೊರಡುವುದಿಲ್ಲವೆಂದು ತಿಳಿಸಿದೆ. ಮಾಲೀಕರು ಬಾಯಿಗೆ ಬಂದಂತೆ ಬೈದರು. ಇನ್ನು ನಿಮ್ಮಲ್ಲಿ ಕೆಲಸ ಮಾಡಲಾರೆ, ಬದಲಿ ಚಾಲಕರನ್ನು ಕಳಿಸಿ ಎಂದೆ. "ಕೀ ಧಾಬಾದವ್ನ ಕೈಗೆ ಕೊಟ್ಟು ಎಲ್ಲಿಗಾದ್ರೂ ಹೋಗು, ನನ್ನ ಜನ ಬರ್ತಾರೆ" ಎಂದು ಫೋನಿಟ್ಟರು. ಮಾರನೆಯ ದಿನ ಇಬ್ಬರು ಬಂದು, ತಮ್ಮ ಹೆಸರನ್ನೂ ಹೇಳದೆ ಕೀ ಕೇಳಿದರು. ಪಕ್ಕದಲ್ಲಿ ಗಾಡಿ ನಿಲ್ಲಿಸಿದ್ದ ನಾಮಕ್ಕಲ್ ಕಡೆಯ ಹಿರಿಯ ಚಾಲಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ತಮಗೆ ಬರುವ ಕನ್ನಡದಲ್ಲಿ, "ಕೀ ಆಮೇಲೆ ತಂಬಿ, ಮೊದ್ಲು ಬರೆಸ್ಕೋ" ಎಂದರು. ಆ ಮಾತು ನನ್ನನ್ನು ಜೈಲಿನಿಂದ ಉಳಿಸಿತೆಂದೇ ಇಂದಿಗೂ ನಂಬಿದ್ದೇನೆ.

ಏಕೆಂದರೆ ಆ ಗಾಡಿಯಲ್ಲಿದ್ದ ಅಡಿಕೆಯ ಬೆಲೆ ಕೋಟಿ ರೂಪಾಯಿಯ ಆಸುಪಾಸು. ಸಾಗಣೆಗಾಗಿ ವಹಿಸಿಕೊಟ್ಟ ಮಾಲಿನಲ್ಲಿ ನಂಬಿಕೆದ್ರೋಹ ಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 316(3)ನೆಯ ಕಲಮಿನಲ್ಲಿ ಏಳು ವರ್ಷಗಳವರೆಗೆ ಶಿಕ್ಷೆ ಇದೆ. ಇದಕ್ಕೆ ಅಪ್ರಾಮಾಣಿಕ ಉದ್ದೇಶ ಸಾಬೀತಾಗಬೇಕು, ನಿಜ. ಆದರೆ ಸಾಬೀತಾಗುವ ಮಾತು ನ್ಯಾಯಾಲಯದ್ದು. ಅಲ್ಲಿಗೆ ಹೋಗುವ ಮೊದಲಿನ ಅಲೆದಾಟ, ಠಾಣೆಯ ಬೆಂಚು, ಮನೆಯವರ ಕಣ್ಣೀರು ಚಾಲಕನ ಪಾಲಿಗೆ.

ಬಂದವರು ಏರುದನಿಯಲ್ಲಿ ಗದರಿಸತೊಡಗಿದಾಗ 112ಕ್ಕೆ ಕರೆ ಮಾಡಿದೆ. ಪೊಲೀಸರು ಬಂದು ವಿಚಾರಿಸಿದ ಮೇಲೆಯೇ ಮಾಲೀಕರು ತಮ್ಮದೇ ನಂಬರಿನಿಂದ ವಾಟ್ಸಾಪ್ ಸಂದೇಶ ಕಳಿಸಿ, ಗಾಡಿಯನ್ನು ಇಂಥವರಿಗೆ ಒಪ್ಪಿಸಬೇಕೆಂದು ಹೆಸರು ಸಮೇತ ತಿಳಿಸಿದರು. ಕೀ ಕೊಡುವ ಮುನ್ನ ನಾಮಕ್ಕಲ್ಲಿನ ಆ ಅಣ್ಣ ಟಾರ್ಚ್ ಹಿಡಿದು ಗಾಡಿಯ ಸುತ್ತ ಬಂದರು, ಹಿಂದೆಯೇ ನಾನು ವಿಡಿಯೋ ಮಾಡಿದೆ. ಪ್ರತಿ ಟೈರಿನ ಪಕ್ಕೆಯ ಕೆಸರನ್ನು ಬಟ್ಟೆಯಿಂದ ಒರೆಸಿ, ಅಲ್ಲಿ ಒತ್ತಿರುವ ನಂಬರು ಓದಲು ಬರುವಂತೆ ಫೋಟೋ ತೆಗೆದೆವು. ಸ್ಟೆಪ್ನಿಯನ್ನೂ ಬಿಡಲಿಲ್ಲ. ಟಾರ್ಪಾಲಿನ ನಾಲ್ಕೂ ಮೂಲೆಗಳ ಹಗ್ಗದ ಗಂಟು, ಡೀಸೆಲ್ ಮುಳ್ಳು, ಕಿಲೋಮೀಟರ್ ಮೀಟರು, ಬ್ಯಾಟರಿ, ಜಾಕು, ಎಲ್ಲವೂ ಫೋನಿನಲ್ಲಿ ದಾಖಲಾದವು. ಎಲ್‌ಆರ್ (ಲಾರಿಯವರು ಕೊಡುವ ಮಾಲು ಸಾಗಣೆಯ ರಸೀದಿ) ಪ್ರತಿಯ ಹಿಂಬದಿಯಲ್ಲಿ ಚೀಲಗಳ ಸಂಖ್ಯೆ, ಸ್ಥಳ, ಸಮಯ ಬರೆದು, ಗಾಡಿ ಪಡೆದವರ ಸಹಿ ಹಾಕಿಸಿ, ಅವರ ಡಿಎಲ್ ಫೋಟೋ ತೆಗೆದುಕೊಂಡೆ. ಉಳಿದಿದ್ದ ಖರ್ಚಿನ ಹಣವನ್ನು ಅವರ ಕೈಗೆ ಕೊಡದೆ, ಲೆಕ್ಕದ ಚೀಟಿಯೊಂದಿಗೆ ಮಾಲೀಕರ ಖಾತೆಗೇ ಯುಪಿಐ ಮಾಡಿದೆ. ಕೈಯಲ್ಲಿ ಕೊಟ್ಟ ಹಣಕ್ಕೆ ಸಾಕ್ಷಿ ಇರುವುದಿಲ್ಲ. ಇಷ್ಟೆಲ್ಲ ಮುಗಿಸಿ ಝಾನ್ಸಿ ನಿಲ್ದಾಣದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ ಹತ್ತಿದೆ. ರೈಲಿನ ಟಿಕೆಟ್ಟಿಗಾಗುವಷ್ಟು ಸ್ವಂತ ಹಣವನ್ನು ಲೈನಿಗೆ ಹೋಗುವವರು ಬೇರೆಯಾಗಿ ಇಟ್ಟುಕೊಂಡಿರಲೇಬೇಕು. ಅದಿಲ್ಲದವರು ಮಾಲೀಕ ಹೇಳಿದಂತೆ ಕೇಳಬೇಕಾಗುತ್ತದೆ.

ಊರಿಗೆ ಬಂದ ಕೆಲವೇ ದಿನಗಳಲ್ಲಿ ಠಾಣೆಯಿಂದ ಕರೆ ಬಂತು. ನಾನು ಲಾರಿಯನ್ನು ದಾರಿಯಲ್ಲಿ ಅನಾಥವಾಗಿ ಬಿಟ್ಟು ಓಡಿಹೋದೆನೆಂದೂ, ಡೀಸೆಲ್ ಮಾರಿಕೊಂಡು, ಹೊಸ ಟೈರು ಬಿಚ್ಚಿ ಹಳೆಯದನ್ನು ಹಾಕಿ, ಅಡಿಕೆ ಚೀಲಗಳನ್ನೂ ಇಳಿಸಿದ್ದೇನೆಂದೂ ಮಾಲೀಕರು ದೂರು ಕೊಟ್ಟಿದ್ದರು. ನಾನು ವಿಡಿಯೋ, ಸಹಿ ಇದ್ದ ಎಲ್‌ಆರ್, ವಾಟ್ಸಾಪ್ ಸಂದೇಶಗಳನ್ನು ತೋರಿಸಿದೆ. ಮಾಲು ಕಳಿಸಿದ ಮಂಡಿಯವರನ್ನು ವಿನಂತಿಸಿ, ಕಾನ್ಪುರದಲ್ಲಿ ಚೀಲಗಳನ್ನು ಪೂರ್ತಿ ಎಣಿಸಿ ಇಳಿಸಿಕೊಂಡಿದ್ದಕ್ಕೆ ಖರೀದಿದಾರರು ಮೊಹರು ಹಾಕಿದ್ದ ರಸೀದಿಯ ನಕಲನ್ನೂ ಒಯ್ದಿದ್ದೆ. ಅದನ್ನು ನೋಡಿದ ಮೇಲೆ ದೂರು ಮುಂದಕ್ಕೆ ಹೋಗಲಿಲ್ಲ. ನನ್ನ ಡಿಎಲ್ ಕೂಡ ಅಂದೇ ಠಾಣೆಯ ಮೇಜಿನ ಮೇಲೆ ಬಂತು.

ಸಂಬಳ ಮಾತ್ರ ಬರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2019ರ ವೇತನ ಸಂಹಿತೆಯ ಪ್ರಕಾರ, ಕೆಲಸಗಾರ ತಾನಾಗಿಯೇ ರಾಜೀನಾಮೆ ಕೊಟ್ಟರೂ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು. ಕೊಡದಿದ್ದರೆ ಮೂರು ವರ್ಷಗಳೊಳಗೆ ಕ್ಲೇಮು ಹಾಕಬಹುದು. ಹೀಗಾಗಿ ಕೆಲಸ ಬಿಡುತ್ತಿದ್ದೇನೆಂಬುದನ್ನು ಬಾಯಲ್ಲಿ ಹೇಳಿ ಸುಮ್ಮನಾಗದೆ, ದಿನಾಂಕ ಮತ್ತು ಕಾರಣ ಸಹಿತ ಸಂದೇಶವಾಗಿಯೂ ಕಳಿಸಿ. ಸೇರಿದ ದಿನದಿಂದ ಮಾಲೀಕರು ಹಾಕಿದ ಪ್ರತಿ ಹಣದ ವಿವರ, ಪ್ರತಿ ಟ್ರಿಪ್ಪಿನ ಎಲ್‌ಆರ್ ಫೋಟೋ ಉಳಿಸಿಕೊಳ್ಳಿ, ಏಕೆಂದರೆ ನೇಮಕಾತಿ ಪತ್ರವೇ ಇಲ್ಲದ ನಮ್ಮಂಥವರು ಅಲ್ಲಿ ದುಡಿದೆವೆಂಬುದನ್ನು ತೋರಿಸಲು ಇವೇ ಆಧಾರ. ಕಾರ್ಮಿಕ ಇಲಾಖೆಗೆ ನಾನು ಸಲ್ಲಿಸಿರುವ ಅರ್ಜಿಯೂ ಇವುಗಳ ಮೇಲೆಯೇ ನಿಂತಿದೆ. ವಕೀಲರಿಗೆ ಕೊಡಲು ಹಣವಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಿ ನೆರವು ಕೇಳಬಹುದು. ದೇಶದ ಯಾವ ರಾಜ್ಯದಲ್ಲಿ ಸಿಕ್ಕಿಬಿದ್ದಿದ್ದರೂ ಈ ಸಂಖ್ಯೆ ನಡೆಯುತ್ತದೆ.